ಪ್ಲಾಸ್ಮಾ, ಗ್ಯಾಸ್, ರಾಡ್: ಮಲೆನಾಡಿನ ಶಾಪ್‌ನಲ್ಲಿ ಎಲ್ಲ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಲೋಹ ಕತ್ತರಿಸಲು ನನ್ನ ವೋಟು 40 ಆಂಪ್‌ನ, ಪೈಲಟ್ ಆರ್ಕ್ (ಲೋಹಕ್ಕೆ ತಾಗದೆಯೇ ಹೊತ್ತುವ ಸಣ್ಣ ಆರ್ಕ್) ಇರುವ, ಹೊರಗಿನ ಕಂಪ್ರೆಸರ್‌ಗೆ ಜೋಡಿಸುವ ಪ್ಲಾಸ್ಮಾ ಕಟರ್‌ಗೆ. ಅಂದ್ರೆ ಆರ್ಕ್‌ನಲ್ಲಿ, ನಿಲ್ಲದೆ ಉರಿಯುವ ಕರೆಂಟಿನ ಕಿಡಿಯಲ್ಲಿ, ಲೋಹ ಕರಗಿಸಿ ಗಾಳಿಯಿಂದ ಊದಿ ಕತ್ತರಿಸುವ ಮೆಷಿನ್. ನಾನು ದುಡ್ಡು ಕೊಟ್ಟು ತಗೊಂಡ ಮೆಷಿನ್‌ಗಳಲ್ಲಿ ಇಷ್ಟು ಖುಷಿ ಕೊಟ್ಟಿದ್ದು ಇನ್ನೊಂದಿಲ್ಲ. ಹಾಗಂತ ಎಲ್ಲರಿಗೂ ಇದೇ ಸರಿ ಅಂತಲ್ಲ. ನಿಮ್ಮ ಕೆಲಸ ಯಾವುದು, ಊರಿನ ಹವೆ ಹೇಗೆ, ಕರೆಂಟ್ ಹೇಗೆ, ಕೈಯಲ್ಲಿ ಎಷ್ಟು ದುಡ್ಡಿದೆ ಅನ್ನೋದರ ಮೇಲೆ ಹೋಗುತ್ತೆ.

ತೀರ್ಥಹಳ್ಳಿ ಕಡೆ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಶಾಪ್. ಗೇಟು, ಗ್ರಿಲ್ಲು, ಟ್ರೈಲರ್ ರಿಪೇರಿ, ಅಡಿಕೆ ಸುಲಿಯುವ ಮೆಷಿನ್‌ನ ಫ್ರೇಮು, ಡ್ರೈಯರ್‌ನ ಟ್ರೇ. ಹೆಚ್ಚಿನ ಕೆಲಸ 2 ರಿಂದ 8 ಎಂಎಂ ಒಳಗೆ. ಯಾವಾಗಲೋ ಒಮ್ಮೆ 12 ಎಂಎಂ ಬೇಸ್ ಪ್ಲೇಟ್ ಬರುತ್ತೆ. ಮುಂಚೆ ಎಲ್ಲ ಎಂ.ಎಸ್. (ಮೈಲ್ಡ್ ಸ್ಟೀಲ್, ಮಾಮೂಲಿ ಕಬ್ಬಿಣ) ಇತ್ತು. ಈಗ ಅಡಿಕೆಗೆ ತಾಗುವ ಜಾಗಕ್ಕೆಲ್ಲ ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಹಾಕಿ ಅಂತ ಗಿರಾಕಿಗಳೇ ಕೇಳುತ್ತಾರೆ. ನನ್ನ ಹುಡುಕಾಟ ಶುರುವಾಗಿದ್ದು ಅಲ್ಲಿಂದ, ಯಾಕಂದ್ರೆ ಗ್ಯಾಸ್ ಟಾರ್ಚಿಗೆ ಎಸ್.ಎಸ್. ಬಗ್ಗುವುದಿಲ್ಲ.

ಅದು ಯಾಕೆ ಬಗ್ಗಲ್ಲ ಅಂತ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಗ್ಯಾಸ್ ಕಟಿಂಗ್‌ನಲ್ಲಿ ಕಬ್ಬಿಣ ಬರೀ ಕರಗುವುದಲ್ಲ, ಉರಿಯುತ್ತದೆ. ಜ್ವಾಲೆಯಲ್ಲಿ ಕಬ್ಬಿಣವನ್ನು 900 ಡಿಗ್ರಿ ಹತ್ತಿರ ಕಾಯಿಸಿ ಆಕ್ಸಿಜನ್ ಲಿವರ್ ಒತ್ತಿದರೆ ಕಬ್ಬಿಣವೇ ಹೊತ್ತಿಕೊಳ್ಳುತ್ತದೆ. ಅದರಿಂದ ಹುಟ್ಟುವ ಆಕ್ಸೈಡ್ ಕಬ್ಬಿಣಕ್ಕಿಂತ ಬೇಗ ಕರಗಿ ಕೆಳಗೆ ಹರಿದು ಹೋಗುತ್ತದೆ, ಹೊಸ ಕಬ್ಬಿಣ ಆಕ್ಸಿಜನ್‌ಗೆ ಸಿಗುತ್ತದೆ. ಎಸ್.ಎಸ್.‌ನಲ್ಲಿ ಕ್ರೋಮಿಯಂ ಇದೆ. ಅದರ ಆಕ್ಸೈಡ್ ಅಷ್ಟು ಬಿಸಿಗೆ ಕರಗಲ್ಲ, ಮೇಲೆ ಹೊಪ್ಪಳೆ ಕಟ್ಟಿ ಆಕ್ಸಿಜನ್ ಒಳಗೆ ಹೋಗದಂತೆ ತಡೆಯುತ್ತೆ. ಅಲ್ಯೂಮಿನಿಯಂ ಇನ್ನೂ ಕಷ್ಟ. ಲೋಹ ಕರಗುವುದು 660 ಡಿಗ್ರಿಗೆ, ಅದರ ಮೇಲಿನ ಆಕ್ಸೈಡ್ ಕರಗುವುದು 2,000 ಡಿಗ್ರಿ ದಾಟಿದ ಮೇಲೆ.

ಆರ್ಕ್‌ಗೆ ಈ ತಕರಾರು ಇಲ್ಲ. ಕರೆಂಟ್ ಹರಿಯುವ ಲೋಹ ಯಾವುದಾದರೂ ಸರಿ, ಕರಗಿಸಿ ಊದಿ ಹಾಕುತ್ತದೆ. ಪ್ಲಾಸ್ಮಾ ಕಟಿಂಗ್ ಬಂದಿದ್ದೇ ಇದಕ್ಕಾಗಿ. ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ಲಿಂಡೆ ವಿಭಾಗದಲ್ಲಿದ್ದ ರಾಬರ್ಟ್ ಗೇಜ್ ಅವರ ಹೆಸರಲ್ಲಿ 1957ರಲ್ಲಿ ಪೇಟೆಂಟ್ ಆಯಿತು. ಶುರುವಿನಲ್ಲಿ ಅದನ್ನು ಹೆಚ್ಚಾಗಿ ಬಳಸಿದ್ದು ಅಲ್ಯೂಮಿನಿಯಂ ಮತ್ತು ಎಸ್.ಎಸ್. ಕತ್ತರಿಸಲು. ಆರ್ಕನ್ನು ಸಣ್ಣ ತೂತಿನ ನಾಝಲ್ ಮೂಲಕ ಹಿಂಡಿ, ಜೊತೆಗೆ ಜೋರಾಗಿ ಗಾಳಿ ಬಿಟ್ಟರೆ ಅದು ತೆಳ್ಳಗೆ, ವಿಪರೀತ ಬಿಸಿಯಾಗಿ ಹೊರಬರುತ್ತದೆ. ನಮ್ಮ ಮೆಷಿನ್‌ಗಳಲ್ಲಿ ಬಳಸುವ ಗ್ಯಾಸ್ ಅಂದ್ರೆ ಸುಮ್ನೆ ಕಂಪ್ರೆಸರ್ ಗಾಳಿ. ಸಿಲಿಂಡರ್ ತರುವ ಕೆಲಸವೇ ಇಲ್ಲ.

ಇನ್ನು ಒಂದೊಂದಾಗಿ.

ಗ್ಯಾಸ್ ಕಟಿಂಗ್ ನಮ್ಮಲ್ಲಿ ಇವತ್ತಿಗೂ ಇದೆ, ಮಾರಿಲ್ಲ. 20 ಎಂಎಂ ಮೇಲಿನ ಪ್ಲೇಟ್ ಬಂದರೆ ಅದೇ ರಾಜ. ಶಾಫ್ಟ್ ಬಿಸಿ ಮಾಡಿ ಬುಷ್ ಬಿಡಿಸಲು, ಬಾಗಿದ ಆಂಗಲ್ ಕಾಯಿಸಿ ನೇರ ಮಾಡಲು ಅದೇ ಬೇಕು. ಪ್ಲಾಸ್ಮಾದಲ್ಲಿ ಕಾಯಿಸುವ ಕೆಲಸ ಆಗಲ್ಲ. ಆದರೆ 2 ಎಂಎಂ ಶೀಟ್‌ಗೆ ಗ್ಯಾಸ್ ಹಿಡಿದರೆ ಶೀಟ್ ಸೊಟ್ಟಗಾಗುತ್ತೆ, ಬಡಿದು ನೇರ ಮಾಡಲು ಕತ್ತರಿಸಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕು. ಆಕ್ಸಿಜನ್ ಶಿವಮೊಗ್ಗದಿಂದ ಬರಬೇಕು. 7 ಘನ ಮೀಟರ್‌ನ ಸಿಲಿಂಡರ್ ಮಳೆಗಾಲದಲ್ಲಿ ಗುಡ್ಡದ ಮೇಲಿನ ತೋಟಕ್ಕೆ ಸಾಗಿಸುವುದು ಅಂದ್ರೆ ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಎಲ್‌ಪಿಜಿ. ಮನೆಯ 14.2 ಕೆ.ಜಿ. ಸಿಲಿಂಡರ್ ಶಾಪ್‌ನಲ್ಲಿ ಬಳಸುವ ಹಾಗಿಲ್ಲ, 19 ಕೆ.ಜಿ.ಯ ಕಮರ್ಷಿಯಲ್ಲೇ ತರಬೇಕು.

ಗ್ರೈಂಡರ್ ಬಗ್ಗೆ ಒಂದೇ ಮಾತು. ಸ್ಕ್ವೇರ್ ಪೈಪ್, ಆಂಗಲ್, ನೇರ ಕಟ್ ಇದ್ದರೆ ಚಾಪ್ ಸಾ ಮತ್ತು ಗ್ರೈಂಡರ್ ಸಾಕು, ಅದಕ್ಕೆ ಪ್ಲಾಸ್ಮಾ ಬೇಡವೇ ಬೇಡ. ದುಂಡಗೆ, ಡಿಸೈನ್ ಆಗಿ, ಶೀಟ್‌ನ ನಡುವೆ ಕತ್ತರಿಸಬೇಕಾದಾಗ ಮಾತ್ರ ಗ್ರೈಂಡರ್‌ನ ಆಟ ಮುಗಿಯುತ್ತೆ.

ವೆಲ್ಡಿಂಗ್ ರಾಡ್‌ನಲ್ಲೇ ಕತ್ತರಿಸುವುದು ನಮ್ಮ ಕಡೆ ಎಲ್ಲ ಹಳೇ ಮೇಸ್ತ್ರಿಗಳಿಗೂ ಗೊತ್ತಿರುವ ವಿದ್ಯೆ. 3.15 ಎಂಎಂ ರಾಡ್ ಹಾಕಿ, ಕರೆಂಟ್ 150-160 ಆಂಪ್‌ಗೆ ಏರಿಸಿ, ರಾಡನ್ನು ಗರಗಸ ಎಳೆದ ಹಾಗೆ ಮೇಲೆ ಕೆಳಗೆ ಆಡಿಸುತ್ತಾ ಕರಗಿದ್ದನ್ನು ಕೆಳಕ್ಕೆ ತಳ್ಳುತ್ತಾ ಹೋಗುವುದು. ಹೊಸ ಖರ್ಚು ಸೊನ್ನೆ. ವೆಲ್ಡಿಂಗ್ ಮೆಷಿನ್ ಇದ್ದರೆ ಮುಗೀತು. ಎಸ್.ಎಸ್., ಬೀಡು ಕಬ್ಬಿಣ, ತುಕ್ಕು ಹಿಡಿದದ್ದು, ಎಲ್ಲ ಕತ್ತರಿಸುತ್ತೆ. ಆದರೆ ಅಂಚು ಹರಿದ ಬಟ್ಟೆ ಥರ ಇರುತ್ತೆ. ಕತ್ತರಿಸಿದ ಮೇಲೆ ಗ್ರೈಂಡಿಂಗ್ ಕೆಲಸ ದುಪ್ಪಟ್ಟು. ಬೇಲಿಯ ಹಳೇ ಕಂಬ ಬುಡದಲ್ಲಿ ತೆಗೆಯುವುದು, ಸ್ಕ್ರಾಪ್ ಒಡೆಯುವುದು, ಹಿಡಿದುಕೊಂಡ ಬೋಲ್ಟ್‌ನ ತಲೆ ಹಾರಿಸುವುದು, ಇಷ್ಟಕ್ಕೆ ಸರಿ. ಫ್ಲಕ್ಸ್ (ರಾಡ್ ಮೇಲಿನ ಲೇಪ) ನಿಧಾನ ಉರಿಯಲಿ ಅಂತ ರಾಡನ್ನು ನೀರಲ್ಲಿ ಅದ್ದುವ ಅಭ್ಯಾಸ ಕೆಲವರಿಗಿದೆ. ಒದ್ದೆ ರಾಡು, ಒದ್ದೆ ಗ್ಲೌಸು, ಒದ್ದೆ ನೆಲ ಮೂರೂ ಸೇರಿದರೆ ಶಾಕ್ ಹೊಡೆಯುತ್ತೆ. ನಮ್ಮ ಹುಡುಗರಿಗೆ ನಾನು ಅದನ್ನು ಮಾಡಲು ಬಿಡುವುದಿಲ್ಲ.

ಕಾರ್ಬನ್ ರಾಡ್ ಗೌಜಿಂಗ್ ಇದರ ಅಣ್ಣ. ತಾಮ್ರ ಲೇಪಿಸಿದ ಕಾರ್ಬನ್ ರಾಡ್, ಬೇರೆಯದೇ ಹೋಲ್ಡರ್, ಅದರಲ್ಲೇ ಗಾಳಿಯ ತೂತುಗಳು. ಆರ್ಕ್ ಕರಗಿಸುತ್ತೆ, ಗಾಳಿ ಊದಿ ಹಾಕುತ್ತೆ. ಕೆಟ್ಟ ವೆಲ್ಡಿಂಗ್ ಬಗೆದು ತೆಗೆಯಲು ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ, ಜೆಸಿಬಿ ಬಕೆಟ್ ರಿಪೇರಿಗೆಲ್ಲ ಇದೇ ಬೇಕು. ಆದರೆ ಸಣ್ಣ ರಾಡ್‌ಗೂ 200 ಆಂಪ್ ಆಸುಪಾಸು ಬೇಕು, ಗಾಳಿ ಜಾಸ್ತಿ ಬೇಕು. ಸದ್ದು ಎಷ್ಟಿರುತ್ತೆ ಅಂದ್ರೆ ಕಿವಿಗೆ ಪ್ಲಗ್ ಇಲ್ಲದೆ ಪಕ್ಕ ನಿಲ್ಲಬಾರದು. ಶೀಟ್ ಕೆಲಸಕ್ಕೆ ಇದು ಅಲ್ಲವೇ ಅಲ್ಲ.

ಈಗ ಪ್ಲಾಸ್ಮಾಗಳಿಗೆ ಬರೋಣ. ಇಲ್ಲೇ ಮೂರು ಥರ ಇದೆ. ಅಂಗಡಿಯಲ್ಲಿ ಮೂರಕ್ಕೂ "ಕಟ್ ಫಾರ್ಟಿ" ಅಂತಲೇ ಹೇಳುತ್ತಾರೆ. ವ್ಯತ್ಯಾಸ ನೀವೇ ಕೇಳಿ ತಿಳಿಯಬೇಕು.

ಎಲ್ಲಕ್ಕಿಂತ ಅಗ್ಗದ್ದು ಎಚ್‌ಎಫ್ ಸ್ಟಾರ್ಟ್ (ಹೈ ಫ್ರೀಕ್ವೆನ್ಸಿ ಕಿಡಿಯಿಂದ ಹೊತ್ತುವುದು), ಪೈಲಟ್ ಆರ್ಕ್ ಇಲ್ಲದ್ದು. ಹೆಚ್ಚಾಗಿ ಪಿಟಿ-31 ಅನ್ನುವ ಸಣ್ಣ ಟಾರ್ಚ್ ಜೊತೆ ಬರುತ್ತೆ. ನನ್ನ ಗೆಳೆಯನ ಹತ್ತಿರ ಇದೆ, ಅವನ ಶಾಪ್‌ನಲ್ಲಿ ತುಂಬಾ ಕತ್ತರಿಸಿದ್ದೇನೆ. ಹೊಸ, ಕ್ಲೀನ್ ಶೀಟ್ ಮೇಲೆ ಚೆನ್ನಾಗಿಯೇ ಕತ್ತರಿಸುತ್ತೆ. ತೊಂದರೆ ಏನು ಅಂದ್ರೆ ಅದರ ಆರ್ಕ್ ಹೊತ್ತಿಕೊಳ್ಳಲು ನಾಝಲ್ ಲೋಹಕ್ಕೆ ತಾಗಬೇಕು ಅಥವಾ ತೀರಾ ಹತ್ತಿರ ಇರಬೇಕು. ಪೇಂಟ್ ಇದ್ದರೆ ಹೊತ್ತಲ್ಲ. ದಪ್ಪ ತುಕ್ಕು ಇದ್ದರೆ ಹೊತ್ತಲ್ಲ. ರಿಪೇರಿ ಶಾಪ್‌ಗೆ ಬರುವ ಮಾಲು ಬರೀ ಪೇಂಟು, ತುಕ್ಕು, ಮಣ್ಣು ಅಲ್ವಾ? ಪ್ರತಿ ಸಲ ಮೊದಲು ಗ್ರೈಂಡರ್ ಹಿಡಿದು ಉಜ್ಜಿ, ಆಮೇಲೆ ಪ್ಲಾಸ್ಮಾ ಹಿಡಿಯಬೇಕು. ಜಾಲರಿ ಶೀಟ್ ಅಂತೂ ಆಗುವುದೇ ಇಲ್ಲ. ತೂತು ಬಂದಲ್ಲೆಲ್ಲ ಆರ್ಕ್ ಆರುತ್ತೆ, ಮತ್ತೆ ಹೊತ್ತಿಸಬೇಕು. ನಾಝಲ್ ಶೀಟ್ ಮೇಲೆ ಉಜ್ಜಿ ಉಜ್ಜಿ ಅದರ ತೂತು ಬೇಗ ಹಾಳಾಗುತ್ತೆ.

ಎಚ್‌ಎಫ್‌ನ ಇನ್ನೊಂದು ಕಾಟ ಪಕ್ಕದವರಿಗೆ. ಕಿಡಿ ಹೊತ್ತಿಸಲು ಅದು ಹೈ ಫ್ರೀಕ್ವೆನ್ಸಿಯ ಕರೆಂಟ್ ಬಿಡುತ್ತೆ. ಅದು ಗಾಳಿಯಲ್ಲೂ ವೈರಿನಲ್ಲೂ ಹರಡುತ್ತೆ. ಗೆಳೆಯ ಟ್ರಿಗರ್ ಒತ್ತಿದಾಗಲೆಲ್ಲ ಪಕ್ಕದ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ನಂಬರು ಕುಣಿಯುತ್ತೆ. ಸಿಸಿಟಿವಿಯಲ್ಲಿ ಗೆರೆ ಬರುತ್ತೆ.

ಎರಡನೆಯದು ಒಳಗೇ ಕಂಪ್ರೆಸರ್ ಇರುವುದು. ಬಾಡಿಗೆಗೆ ತಂದು ಒಂದು ಎಸ್ಟೇಟ್ ಕೆಲಸ ಮುಗಿಸಿದೆ. ಹೊತ್ತುಕೊಂಡು ಹೋಗಿ ಪ್ಲಗ್ ಹಾಕಿದರೆ ಕೆಲಸ ಶುರು, ಆ ಸುಖ ಬೇರೆ ಯಾವುದರಲ್ಲೂ ಇಲ್ಲ. 3 ಎಂಎಂ ತನಕ ಬಲು ಚೆನ್ನ. ಒಳಗಿನ ಕಂಪ್ರೆಸರ್ ಚಿಕ್ಕದು, ಗಾಳಿಯ ಒತ್ತಡ ಕಡಿಮೆ, ಹಾಗಾಗಿ 6 ಎಂಎಂನಲ್ಲೇ ಏದುಸಿರು ಬಿಡುತ್ತೆ. ಶಾಪ್‌ನಲ್ಲಿ ಕೂತು ಮಾಡುವ ಕೆಲಸಕ್ಕೆ ಈ ಬೆಲೆ ಕೊಡಬೇಕಿಲ್ಲ.

ಮೂರನೆಯದು ನಮ್ಮದು. ಪೈಲಟ್ ಆರ್ಕ್, ಬ್ಲೋಬ್ಯಾಕ್ ಸ್ಟಾರ್ಟ್. ಟಾರ್ಚ್ ಒಳಗೆ ಎಲೆಕ್ಟ್ರೋಡ್ ಮತ್ತು ನಾಝಲ್ ಶುರುವಿನಲ್ಲಿ ಒಂದಕ್ಕೊಂದು ತಾಗಿರುತ್ತವೆ. ಟ್ರಿಗರ್ ಒತ್ತಿದಾಗ ಗಾಳಿಯ ಒತ್ತಡಕ್ಕೆ ಎರಡೂ ಬೇರೆಯಾಗುತ್ತವೆ, ಆ ಸಂದಿಯಲ್ಲಿ ಸಣ್ಣ ಆರ್ಕ್ ಹುಟ್ಟುತ್ತೆ. ಲೋಹಕ್ಕೆ ತಾಗದೆಯೇ ಟಾರ್ಚ್ ಮೂತಿಯಲ್ಲಿ ಸಣ್ಣ ಜ್ವಾಲೆ ಕಾಣಿಸುತ್ತೆ. ಅದನ್ನು ಶೀಟ್ ಹತ್ತಿರ ತಂದರೆ ಮುಖ್ಯ ಆರ್ಕ್ ಹಾರಿ ಹಿಡಿದುಕೊಳ್ಳುತ್ತೆ. ಪೇಂಟ್ ಇರಲಿ, ತುಕ್ಕು ಇರಲಿ, ಜಾಲರಿ ಇರಲಿ. ಎಚ್‌ಎಫ್ ಇಲ್ಲ, ಹಾಗಾಗಿ ಪಕ್ಕದವರ ತಕ್ಕಡಿಗೂ ತೊಂದರೆ ಇಲ್ಲ. ಅಗ್ಗದ ಎಚ್‌ಎಫ್ ಮೆಷಿನ್‌ಗಿಂತ ನನಗೆ ಹತ್ತು ಸಾವಿರದಷ್ಟು ಜಾಸ್ತಿ ಬಿತ್ತು. ಆ ದುಡ್ಡು ಬರೀ ಗ್ರೈಂಡರ್ ಹಿಡಿದು ಪೇಂಟ್ ಕೆರೆಯುವ ಕೆಲಸ ತಪ್ಪಿದ್ದರಲ್ಲೇ ವಾಪಸ್ ಬಂದಿದೆ ಅನ್ನೋದು ನನ್ನ ಲೆಕ್ಕ.

ಇಷ್ಟು ಹೊಗಳಿದ ಮೆಷಿನ್‌ಗೆ ಒಂದು ದೊಡ್ಡ ತಲೆನೋವು ಇದೆ. ನೀರು. ಅಂಗಡಿಯವರು ಇದನ್ನು ಹೇಳುವುದಿಲ್ಲ, ಯೂಟ್ಯೂಬ್‌ನಲ್ಲಿ ತೋರಿಸುವವರು ಒಣ ಊರಿನಲ್ಲಿರುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಪ್ಲಾಸ್ಮಾ ತಗೊಳ್ಳುವವರು ಇದೊಂದನ್ನು ಪೂರ್ತಿ ಓದಿ.

ಬೇಸಿಗೆಯಲ್ಲಿ ತಂದೆ, ಚೆನ್ನಾಗಿ ನಡೆಯಿತು. ಜೂನ್ ಹಿಡಿದ ಮೇಲೆ ಆರ್ಕ್ ಉಗುಳತೊಡಗಿತು. ಪಟ ಪಟ ಅಂತ ಸದ್ದು, ಕಟ್‌ನ ನಡುವೆ ಆರುವುದು, ಗೆರೆ ಅಗಲವಾಗುವುದು. ಟಾರ್ಚ್ ಬಿಚ್ಚಿ ನೋಡಿದರೆ ನಾಝಲ್‌ನ ದುಂಡು ತೂತು ಮೊಟ್ಟೆಯಾಕಾರ ಆಗಿದೆ. ಎಲೆಕ್ಟ್ರೋಡ್‌ನ ತುದಿಯಲ್ಲಿ ಗುಂಡಿ ಬಿದ್ದಿದೆ. ಎಲೆಕ್ಟ್ರೋಡ್ ತಾಮ್ರದ್ದು, ಅದರ ತುದಿಯ ನಡುವೆ ಹ್ಯಾಫ್ನಿಯಂ ಅನ್ನುವ ಲೋಹದ ಸಣ್ಣ ಚುಕ್ಕೆ ಕೂರಿಸಿರುತ್ತಾರೆ. ಟಿಗ್ ವೆಲ್ಡಿಂಗ್‌ನ ಟಂಗ್‌ಸ್ಟನ್ ಇಲ್ಲಿ ನಡೆಯಲ್ಲ, ಗಾಳಿಯ ಆಕ್ಸಿಜನ್‌ಗೆ ಕ್ಷಣದಲ್ಲಿ ಉರಿದುಹೋಗುತ್ತೆ. ಹ್ಯಾಫ್ನಿಯಂ ತಡೆದುಕೊಳ್ಳುತ್ತೆ, ಆದರೆ ಪ್ರತಿ ಸ್ಟಾರ್ಟ್‌ಗೂ ಒಂಚೂರು ಸವೆಯುತ್ತೆ. ಗುಂಡಿ ಒಂದೂವರೆ ಎಂಎಂ ಆಳ ಆಯಿತು ಅಂದ್ರೆ ಬದಲಾಯಿಸಬೇಕು. ಗಾಳಿಯಲ್ಲಿ ನೀರಿದ್ದರೆ ಈ ಸವೆತ ಹಲವು ಪಟ್ಟು ಬೇಗ. ಜೋಡಿಗೆ ನನಗೆ ನೂರು ರೂಪಾಯಿ ಆಸುಪಾಸು ಬೀಳುತ್ತೆ. ಬೇಸಿಗೆಯಲ್ಲಿ ವಾರಗಟ್ಟಲೆ ಬಂದದ್ದು ಮಳೆಗಾಲದಲ್ಲಿ ಒಂದು ಟ್ರೈಲರ್ ತಳ ಕತ್ತರಿಸುವಷ್ಟರಲ್ಲಿ ಮುಗಿಯುತ್ತಿತ್ತು.

ಮೆಷಿನ್ ಹಿಂದೆ ಒಂದು ಗಾಜಿನ ಬಟ್ಟಲಿನ ಫಿಲ್ಟರ್ ಕೊಟ್ಟಿರುತ್ತಾರೆ. ಅದರಲ್ಲಿ ನೀರೇ ನಿಲ್ಲುತ್ತಿರಲಿಲ್ಲ. ಹಾಗಿದ್ದರೆ ಗಾಳಿ ಒಣಗಿದೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ. ಗುಟ್ಟು ಬಿಡಿಸಿದ್ದು ನಮ್ಮ ಬೀದಿಯ ಕಾರ್ ಪೇಂಟಿಂಗ್ ಹುಡುಗ. ಸ್ಪ್ರೇ ಪೇಂಟ್ ಮಾಡುವವರಿಗೆ ಗಾಳಿಯ ನೀರು ದಿನನಿತ್ಯದ ಶತ್ರು, ಒಂದು ಹನಿ ಬಂದರೂ ಬಾನೆಟ್ ಮೇಲೆ ಕಲೆ. ಅವನು ಬಂದು ಫಿಲ್ಟರ್ ಮೇಲೆ ಕೈಯಿಟ್ಟು ನೋಡಿದ.

"ಅಣ್ಣಾ, ಇದು ಬಿಸಿ ಇದೆ. ಮುಟ್ಟಿ ನೋಡಿ."

"ಬಿಸಿ ಇದ್ದರೆ ಏನಾಯ್ತೋ?"

"ಬಿಸಿ ಗಾಳಿಲಿ ನೀರು ಆವಿಯಾಗೇ ಇರುತ್ತೆ ಅಣ್ಣಾ. ಫಿಲ್ಟರ್‌ಗೆ ಹನಿ ಮಾತ್ರ ಸಿಗೋದು, ಆವಿ ಸಿಗಲ್ಲ. ನಿಮ್ಮ ಗಾಳಿ ಫಿಲ್ಟರ್ ದಾಟಿದ ಮೇಲೆ ಟಾರ್ಚ್ ಪೈಪಲ್ಲಿ ತಣ್ಣಗಾಗುತ್ತೆ. ನೀರು ಅಲ್ಲಿ ಬೀಳುತ್ತೆ."

ಇದು ನೂರಕ್ಕೆ ನೂರು ನಿಜ. ಲೆಕ್ಕ ಹಾಕಿದರೆ ನಿಮಗೇ ಗೊತ್ತಾಗುತ್ತೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ಆವಿ ಹಿಡಿದುಕೊಳ್ಳುತ್ತೆ. ಜುಲೈನಲ್ಲಿ ನಮ್ಮ ಕಡೆ ಗಾಳಿ ಹೆಚ್ಚುಕಡಿಮೆ ಆ ಮಟ್ಟಕ್ಕೆ ತುಂಬಿರುತ್ತೆ. ಕಂಪ್ರೆಸರ್ ನಿಮಿಷಕ್ಕೆ 170 ಲೀಟರ್ ಗಾಳಿ ಎಳೆದರೆ ಗಂಟೆಗೆ ಹತ್ತು ಘನ ಮೀಟರ್ ಆಯಿತು. ಅದರಲ್ಲಿರುವ ನೀರು 200 ಮಿಲಿ ಮೇಲೆ, ದೊಡ್ಡ ಲೋಟದ ತುಂಬಾ. ಗಾಳಿಯನ್ನು ಎಂಟನೇ ಒಂದು ಭಾಗಕ್ಕೆ ಹಿಂಡಿದ ಮೇಲೆ ಅದು ಅಷ್ಟು ಆವಿ ಹಿಡಿದುಕೊಳ್ಳಲಾರದು. ತಣ್ಣಗಾದ ಕೂಡಲೇ ಬಹುಪಾಲು ನೀರು ಬೀಳಲೇಬೇಕು. ಎಲ್ಲಿ ಬೀಳಬೇಕು ಅನ್ನೋದಷ್ಟೇ ನಮ್ಮ ಕೈಯಲ್ಲಿರುವುದು. ಫಿಲ್ಟರ್‌ಗೆ ಮುಂಚೆ ಬಿದ್ದರೆ ಬದುಕಿದೆವು, ಟಾರ್ಚ್ ಒಳಗೆ ಬಿದ್ದರೆ ನಾಝಲ್ ಹೋಯಿತು.

ನಾನು ಮಾಡಿಸಿದ ವ್ಯವಸ್ಥೆ ಹೀಗಿದೆ. ಟ್ಯಾಂಕ್‌ನಿಂದ ಸಣ್ಣ ಹೋಸ್‌ನಲ್ಲಿ ಗಾಳಿ ಹೊರಟು ಗೋಡೆಗೆ ಕೂರಿಸಿದ ಅರ್ಧ ಇಂಚಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪ್‌ಗೆ ಹೋಗುತ್ತೆ. ಪೈಪು ಮೇಲೆ ಹತ್ತಿ, ಕೆಳಗಿಳಿದು, ಮತ್ತೆ ಹತ್ತಿ, ಮತ್ತೆ ಇಳಿಯುತ್ತೆ. ಇಳಿದ ಪ್ರತಿ ಜಾಗದ ಬುಡದಲ್ಲಿ ಒಂದು ಟೀ (ಪೈಪ್ ಜೋಡಿಸುವ ಮೂರು ಬಾಯಿಯ ಫಿಟಿಂಗ್), ಅದರ ಕೆಳಗೆ ಗೇಣುದ್ದ ಪೈಪ್ ತುಂಡು, ತುದಿಗೆ ಬಾಲ್ ವಾಲ್ವ್. ಲೋಹದ ಪೈಪ್ ಗೋಡೆಯ ತಂಪಿಗೆ ಗಾಳಿಯನ್ನು ತಣ್ಣಗೆ ಮಾಡುತ್ತೆ, ನೀರು ಕೆಳಗಿನ ತುಂಡಿನಲ್ಲಿ ಕೂರುತ್ತೆ. ಗಾಳಿ ಮುಂದಕ್ಕೆ ಹೋಗುವ ಕವಲು ಮಾತ್ರ ಆ ತುಂಡಿಗಿಂತ ಮೇಲಿನಿಂದ ತೆಗೆಯಬೇಕು, ಇಲ್ಲದಿದ್ದರೆ ಕೂತ ನೀರನ್ನೇ ಎಳೆದುಕೊಂಡು ಹೋಗುತ್ತೆ. ಇದಾದ ಮೇಲೆ ಫಿಲ್ಟರ್. ಫಿಲ್ಟರ್ ಮುಟ್ಟಿದರೆ ತಣ್ಣಗಿರಬೇಕು, ಅದೇ ಪರೀಕ್ಷೆ. ಕೊನೆಗೆ ಸಿಲಿಕಾ ಜೆಲ್ ತುಂಬಿದ ಬಟ್ಟಲು. ನೀಲಿ ಹರಳು ನೀರು ಕುಡಿದ ಮೇಲೆ ಗುಲಾಬಿಯಾಗುತ್ತೆ. 120 ಡಿಗ್ರಿ ಹತ್ತಿರ ಕಾಯಿಸಿದರೆ ಮತ್ತೆ ನೀಲಿ. ಅಡುಗೆಮನೆಯ ಪಾತ್ರೆ, ಒಲೆ ಬಳಸಬೇಡಿ. ಆ ನೀಲಿ ಬಣ್ಣ ಕೊಬಾಲ್ಟ್‌ನದು, ಅದು ವಿಷ. ಪಿವಿಸಿ ಪೈಪ್ ಅಗ್ಗ ಅಂತ ಕೆಲವರು ಹಾಕುತ್ತಾರೆ. ದಯವಿಟ್ಟು ಬೇಡ. ಒತ್ತಡದ ಗಾಳಿಗೆ ಅದು ಒಡೆದರೆ ಚೂರು ಚೂರಾಗಿ ಹಾರುತ್ತೆ, ಕಣ್ಣು ಹೋಗುತ್ತೆ.

ಸಂಜೆ ಶಾಪ್ ಮುಚ್ಚುವಾಗ ಎಲ್ಲ ವಾಲ್ವ್ ತೆರೆದು ಬಿಡುವುದು, ಟ್ಯಾಂಕ್ ಬುಡದ್ದೂ ಸೇರಿ. ಮಳೆಗಾಲದಲ್ಲಿ ಮಧ್ಯಾಹ್ನ ಊಟಕ್ಕೆ ಏಳುವಾಗಲೂ ಒಮ್ಮೆ. ಟ್ಯಾಂಕ್‌ನಿಂದ ಕಂದು ಬಣ್ಣದ ನೀರು ಬುಸ್ ಅಂತ ಬರುತ್ತೆ. ಈ ವ್ಯವಸ್ಥೆಗೆ ಪೈಪು, ವಾಲ್ವು, ಫಿಲ್ಟರ್ ಎಲ್ಲ ಸೇರಿ ಆದ ಖರ್ಚು ಮೆಷಿನ್ ಬೆಲೆಯ ಎದುರು ಏನೇನೂ ಅಲ್ಲ. ಆಮೇಲೆ ಮಳೆಗಾಲದಲ್ಲೂ ನಾಝಲ್ ಬೇಸಿಗೆಯಷ್ಟೇ ಬಾಳುತ್ತಿದೆ. ಗದಗ, ವಿಜಯಪುರ, ಚಿತ್ರದುರ್ಗದ ಕಡೆ ಇರುವವರಿಗೆ ಇಷ್ಟೆಲ್ಲ ಬೇಕಾಗದೇ ಇರಬಹುದು. ನಮಗೆ ಬೇಕೇ ಬೇಕು.

ಕಂಪ್ರೆಸರ್ ಬಗ್ಗೆ ಎರಡು ಮಾತು. ಈ ಟಾರ್ಚ್‌ಗೆ 5 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 120ರಿಂದ 150 ಲೀಟರ್ ಗಾಳಿ ಬಿಡದೆ ಬರಬೇಕು. ಪಂಕ್ಚರ್ ಅಂಗಡಿಯ ಒಂದು ಎಚ್‌ಪಿ ಕಂಪ್ರೆಸರ್ ಸಾಲಲ್ಲ. 2 ಎಚ್‌ಪಿ, ನೂರು ಲೀಟರ್ ಮೇಲಿನ ಟ್ಯಾಂಕ್ ನೋಡಿ. ಕ್ಯಾಟಲಾಗ್‌ನಲ್ಲಿ ದೊಡ್ಡದಾಗಿ ಬರೆದಿರುವುದು ಪಿಸ್ಟನ್ ಎಳೆದುಕೊಳ್ಳುವ ಗಾಳಿ, ಹೊರಗೆ ಸಿಗುವುದು ಅದಕ್ಕಿಂತ ಕಡಿಮೆ. ಸಿಗುವುದೆಷ್ಟು ಅಂತ ಕೇಳಿ. ರೆಗ್ಯುಲೇಟರ್ ಸೆಟ್ ಮಾಡುವಾಗ ಗಾಳಿ ಹರಿಯುತ್ತಿರಬೇಕು. ನಿಂತ ಗಾಳಿಯಲ್ಲಿ 5 ತೋರಿಸಿದ ಗೇಜು ಟ್ರಿಗರ್ ಒತ್ತಿದಾಗ ಮೂರೂವರೆಗೆ ಇಳಿದಿರುತ್ತೆ.

ಕರೆಂಟ್. 40 ಆಂಪ್ ಔಟ್‌ಪುಟ್ ಅಂದ್ರೆ ಸಿಂಗಲ್ ಫೇಸ್‌ನಲ್ಲಿ 25 ಆಂಪ್ ಮೇಲೆ ಎಳೆಯುತ್ತೆ. ಗೀಸರ್‌ನ 16 ಆಂಪ್ ಪ್ಲಗ್‌ಗೆ ಹಾಕಿದರೆ ಪ್ಲಗ್ ಕರಗುತ್ತೆ. 32 ಆಂಪ್‌ನ ಇಂಡಸ್ಟ್ರಿಯಲ್ ಸಾಕೆಟ್, 6 ಸ್ಕ್ವೇರ್ ಎಂಎಂ ತಾಮ್ರದ ವೈರ್, ಗಟ್ಟಿ ಅರ್ಥಿಂಗ್. ಸಂಜೆ ವೋಲ್ಟೇಜ್ ಬಿದ್ದಾಗ ನಾನು ದಪ್ಪ ಪ್ಲೇಟ್ ಮುಟ್ಟುವುದಿಲ್ಲ, ಬೆಳಿಗ್ಗೆ ಮಾಡುತ್ತೇನೆ.

ಕತ್ತರಿಸುವ ಬಗೆಯಲ್ಲಿ ಯಾರೂ ಹೇಳಿಕೊಡದ ಒಂದು ವಿಷಯ ಇದೆ, ಅದನ್ನು ಹೇಳಲೇಬೇಕು. ಪ್ಲಾಸ್ಮಾ ಕಟ್‌ನ ಎರಡು ಅಂಚೂ ಒಂದೇ ಥರ ಇರಲ್ಲ. ಟಾರ್ಚ್ ಒಳಗೆ ಗಾಳಿ ಸುತ್ತುತ್ತಾ ಬರುತ್ತೆ. ಹಾಗಾಗಿ ನೀವು ಮುಂದಕ್ಕೆ ಹೋಗುವ ದಿಕ್ಕಿನಲ್ಲಿ ಬಲಗಡೆಯ ಅಂಚು ನೇರ ಬರುತ್ತೆ, ಎಡಗಡೆಯದು ಓರೆ. ಕೆಲಸಕ್ಕೆ ಬೇಕಾದ ತುಂಡು ಯಾವಾಗಲೂ ಬಲಗಡೆ ಇರಬೇಕು. ದುಂಡು ಪ್ಲೇಟ್ ಬೇಕಾ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಳೆಯಿರಿ. ಪ್ಲೇಟ್‌ನಲ್ಲಿ ತೂತು ಬೇಕಾ, ಉಲ್ಟಾ ಎಳೆಯಿರಿ. ಇದಿಷ್ಟು ಗೊತ್ತಿದ್ದರೆ ಗ್ರೈಂಡಿಂಗ್ ಅರ್ಧಕ್ಕರ್ಧ ಕಡಿಮೆ.

ವೇಗವನ್ನು ಕೆಳಗಿನ ಕಿಡಿ ನೋಡಿ ತಿಳಿಯಬೇಕು. ಕಿಡಿ ಪ್ಲೇಟ್‌ನ ಕೆಳಗಿನಿಂದ ಸ್ವಲ್ಪ ಹಿಂದಕ್ಕೆ ವಾಲಿ ಬೀಳುತ್ತಿದ್ದರೆ ಸರಿ. ಮೇಲಕ್ಕೆ ಹಾರಿದರೆ ತುಂಬಾ ಬೇಗ ಎಳೆಯುತ್ತಿದ್ದೀರಿ. ನಿಧಾನ ಎಳೆದರೆ ಕೆಳಗೆ ದಪ್ಪ ಸ್ಲ್ಯಾಗ್ (ಕರಗಿ ಗಟ್ಟಿಯಾದ ಕಸ) ಕೂರುತ್ತೆ, ಅದು ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟರೆ ಉದುರುತ್ತೆ. ಬೇಗ ಎಳೆದಾಗ ಕೂರುವುದು ತೆಳ್ಳಗಿನ ಗಟ್ಟಿ ಗೆರೆ, ಅದಕ್ಕೆ ಗ್ರೈಂಡರ್ರೇ ಬೇಕು. ಪ್ಲೇಟ್ ನಡುವೆ ತೂತು ಶುರು ಮಾಡುವಾಗ ಟಾರ್ಚ್ ಓರೆ ಹಿಡಿದು ಶುರು ಮಾಡಿ, ತೂತು ಬಿದ್ದ ಮೇಲೆ ನೇರ ಮಾಡಿ. ನೇರ ಹಿಡಿದರೆ ಕರಗಿದ್ದೆಲ್ಲ ನಾಝಲ್‌ಗೇ ಹಾರುತ್ತೆ.

ಗಾಳಿಯ ಪ್ಲಾಸ್ಮಾದಲ್ಲಿ ಕತ್ತರಿಸಿದ ಅಂಚಿಗೆ ನೈಟ್ರೋಜನ್ ಸೇರಿ ಗಡುಸಾಗಿರುತ್ತೆ. ಹಾಗೇ ವೆಲ್ಡ್ ಮಾಡಿದರೆ ಒಳಗೆ ಗುಳ್ಳೆ ಬರಬಹುದು, ಥ್ರೆಡ್ ಕೊರೆಯುವ ಟ್ಯಾಪ್ ಹಾಕಿದರೆ ಟ್ಯಾಪ್ ಮುರಿಯಬಹುದು. ಒಂದು ಪದರ ಗ್ರೈಂಡ್ ಮಾಡಿ ವೆಲ್ಡ್ ಮಾಡಿ.

ಇನ್ನು ಜೀವಕ್ಕೆ ಸಂಬಂಧಿಸಿದ್ದು. ಪ್ಲಾಸ್ಮಾ ಟಾರ್ಚ್‌ನಲ್ಲಿ ಆರ್ಕ್ ಇಲ್ಲದಾಗ 250ರಿಂದ 300 ವೋಲ್ಟ್ ಡಿಸಿ ಇರುತ್ತೆ, ವೆಲ್ಡಿಂಗ್ ಹೋಲ್ಡರ್‌ನ ಮೂರು ನಾಲ್ಕು ಪಟ್ಟು. ನಾಝಲ್ ಬಿಚ್ಚುವ ಮುಂಚೆ ಮೇನ್ ಸ್ವಿಚ್ ಆಫ್. ಇದರಲ್ಲಿ ರಾಜಿಯೇ ಇಲ್ಲ. ಕಣ್ಣಿಗೆ ವೆಲ್ಡಿಂಗ್‌ನ 11 ನಂಬರ್ ಗ್ಲಾಸ್ ಹಾಕಿದರೆ ಗೆರೆಯೇ ಕಾಣಲ್ಲ, ಆಗ ಕೆಲವರು ಗ್ಲಾಸನ್ನೇ ತೆಗೆದುಬಿಡುತ್ತಾರೆ. 40 ಆಂಪ್‌ಗೆ 5 ಅಥವಾ 6 ನಂಬರ್ ಸಾಕು, ಗೆರೆಯೂ ಕಾಣುತ್ತೆ. ಜಿ.ಐ. ಶೀಟ್ ಕತ್ತರಿಸುವಾಗ ಸತುವಿನ ಬಿಳಿ ಹೊಗೆ ಬರುತ್ತೆ, ಅದನ್ನು ಕುಡಿದರೆ ರಾತ್ರಿ ಚಳಿ ಜ್ವರ. ಅಂಗಳಕ್ಕೆ ತಂದು, ಗಾಳಿ ಬೀಸುವ ಕಡೆ ಬೆನ್ನು ಮಾಡಿ ಅಲ್ಲ, ಗಾಳಿ ಪಕ್ಕದಿಂದ ಬರುವಂತೆ ನಿಂತು ಕತ್ತರಿಸಿ. ತೋಟದ ಮನೆಗಳಲ್ಲಿ ಅಂಗಳದ ಮೂಲೆಯಲ್ಲಿ ಅಡಿಕೆ ಸಿಪ್ಪೆಯ ರಾಶಿ ಇರುತ್ತೆ. ಕಿಡಿ ಅದರ ಒಳಗೆ ಹೋದರೆ ಹೊಗೆ ಕಾಣದೆ ಗಂಟೆಗಟ್ಟಲೆ ಕನಲಿ ಆಮೇಲೆ ಹೊತ್ತುತ್ತೆ. ಮೊದಲು ಆ ಕಡೆ ಒಂದು ತಗಡು ಅಡ್ಡ ನಿಲ್ಲಿಸುತ್ತೇನೆ, ಬಕೆಟ್ ನೀರು ಪಕ್ಕದಲ್ಲಿ.

ಯಾರಿಗೆ ಯಾವುದು? ವೆಲ್ಡಿಂಗ್ ಮೆಷಿನ್ ಮಾತ್ರ ಇದ್ದು ಅಪರೂಪಕ್ಕೆ ಕತ್ತರಿಸುವವರು ರಾಡ್ ಮತ್ತು ಗ್ರೈಂಡರ್‌ನಲ್ಲೇ ಮುಂದುವರಿಯಿರಿ, ಸುಮ್ನೆ ಸಾಲ ಮಾಡಬೇಡಿ. ದಪ್ಪ ಪ್ಲೇಟ್, ಸ್ಕ್ರಾಪ್ ಕೆಲಸದವರಿಗೆ ಗ್ಯಾಸ್. ಜೆಸಿಬಿ, ಟಿಪ್ಪರ್ ರಿಪೇರಿಯವರಿಗೆ ಗ್ಯಾಸ್ ಜೊತೆ ಕಾರ್ಬನ್ ರಾಡ್. ಹೊಸ ಶೀಟ್ ಮಾತ್ರ ಕತ್ತರಿಸುವವರು, ಅಕ್ಕಪಕ್ಕ ಅಂಗಡಿ ಇಲ್ಲದವರು ಅಗ್ಗದ ಎಚ್‌ಎಫ್ ತಗೊಂಡರೂ ನಷ್ಟವಿಲ್ಲ. ನನ್ನ ಹಾಗೆ ಹಳೇದು ಹೊಸದು, ಎಂ.ಎಸ್. ಎಸ್.ಎಸ್. ಎಲ್ಲ ಬರುವ ಶಾಪ್‌ಗೆ ಪೈಲಟ್ ಆರ್ಕ್ ಪ್ಲಾಸ್ಮಾ. ಈಗಾಗಲೇ ಕಂಪ್ರೆಸರ್ ಇದ್ದವರಿಗೆ ಖರ್ಚು ಅರ್ಧ ಇಳಿಯುತ್ತೆ. ಇಲ್ಲದವರು ಮೆಷಿನ್‌ನಷ್ಟೇ ದುಡ್ಡು ಕಂಪ್ರೆಸರ್‌ಗೂ ಎತ್ತಿಡಿ.

ಬೆಂಗಳೂರಿನ ಎಸ್‌ಜೆಪಿ ರಸ್ತೆಗೋ, ಶಿವಮೊಗ್ಗಕ್ಕೋ ಹೋಗಿ ತಗೊಳ್ಳುವಾಗ ಮೊದಲು ಟಾರ್ಚ್ ಯಾವ ಮಾಡೆಲ್ ಅಂತ ಕೇಳಿ, ಅದರ ನಾಝಲ್, ಎಲೆಕ್ಟ್ರೋಡ್, ಸ್ವರ್ಲ್ ರಿಂಗ್ (ಟಾರ್ಚ್ ಒಳಗೆ ಗಾಳಿಯನ್ನು ಸುತ್ತಿಸುವ ಬಳೆ) ಮೂರೂ ಅದೇ ಅಂಗಡಿಯಲ್ಲಿ ಸ್ಟಾಕ್ ಇದೆಯಾ ನೋಡಿ. ಆಮೇಲೆ ಪೇಂಟ್ ಇರುವ ಒಂದು ತುಂಡು ಕೊಟ್ಟು, ಕೆರೆಯದೆ ಕತ್ತರಿಸಿ ತೋರಿಸಲು ಹೇಳಿ. ಪೈಲಟ್ ಆರ್ಕ್ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ.